ಮದರ್‌ಬೋರ್ಡ್ ಎಷ್ಟು ಕರೆಂಟು ತಿನ್ನುತ್ತದೆ?

ಕಂಪ್ಯೂಟರ್ ಕೊಳ್ಳುವವರು ಪ್ರೊಸೆಸರ್ ಎಷ್ಟು ವ್ಯಾಟ್, ಗ್ರಾಫಿಕ್ಸ್ ಕಾರ್ಡ್ ಎಷ್ಟು ವ್ಯಾಟ್ ಎಂದು ವಿಚಾರಿಸುತ್ತಾರೆ. ಮದರ್‌ಬೋರ್ಡಿನ ಬಗ್ಗೆ ಕೇಳುವವರು ಕಡಿಮೆ, ಕೇಳಿದರೂ ಒಂದೇ ಅಂಕಿಯ ಉತ್ತರ ಸಿಗುವುದಿಲ್ಲ. ಪ್ರೊಸೆಸರ್, ರ‍್ಯಾಮ್, ಫ್ಯಾನು, ಕೀಬೋರ್ಡುಗಳಿಗೆ ಬೇಕಾದ ವಿದ್ಯುತ್ತೆಲ್ಲ ಬೋರ್ಡಿನ ಮೇಲೆಯೇ ಹಾದುಹೋಗುತ್ತದೆ. ಅದರಲ್ಲಿ ಬೋರ್ಡು ತನಗಾಗಿ ಬಳಸಿಕೊಂಡದ್ದೆಷ್ಟು ಎಂದು ಬೇರ್ಪಡಿಸಿ ಅಳೆಯುವುದು ಕಷ್ಟ. ಸಾಕೆಟ್ಟಿಗೆ ಸಿಕ್ಕಿಸುವ ವ್ಯಾಟ್ ಮೀಟರ್ ತೋರಿಸುವುದು ಇಡೀ ಯಂತ್ರದ ಲೆಕ್ಕವನ್ನು.

ಹಾಗಾಗಿ ಬಿಡಿಬಿಡಿಯಾಗಿ ಕೂಡಿಸಬೇಕು. ಬೋರ್ಡಿನ ಮುಖ್ಯ ಚಿಪ್ಪಾದ ಚಿಪ್‌ಸೆಟ್ ಇಂದಿನ ಸಾಮಾನ್ಯ ಮಾದರಿಗಳಲ್ಲಿ ಆರು ವ್ಯಾಟ್ ಆಸುಪಾಸಿನಲ್ಲಿದೆ. 2019ರಲ್ಲಿ ಬಂದ ಎಎಂಡಿಯ ಎಕ್ಸ್570 ಹತ್ತು ವ್ಯಾಟ್ ದಾಟುತ್ತಿತ್ತು. ಅದಕ್ಕೇ ಹೆಚ್ಚಿನ ಬೋರ್ಡುಗಳಲ್ಲಿ ಅದರ ಮೇಲೊಂದು ಪುಟ್ಟ ಫ್ಯಾನು ಕೂರಿಸಿದ್ದರು. ಧ್ವನಿ ಮತ್ತು ನೆಟ್‌ವರ್ಕ್ ಚಿಪ್ಪುಗಳದು ಸಣ್ಣ ಪಾಲು.

ದೊಡ್ಡ ಪಾಲು ಪ್ರೊಸೆಸರಿನ ಪಕ್ಕದಲ್ಲಿರುವ ವೋಲ್ಟೇಜ್ ರೆಗ್ಯುಲೇಟರಿನದು. ಪವರ್ ಸಪ್ಲೈ ಕೊಡುವುದು 12 ವೋಲ್ಟ್, ಪ್ರೊಸೆಸರಿಗೆ ಬೇಕಾದದ್ದು ಒಂದು ವೋಲ್ಟಿಗಿಂತ ತುಸು ಹೆಚ್ಚು. ವೋಲ್ಟೇಜ್ ಇಳಿದಷ್ಟೂ ಕರೆಂಟು ಏರಲೇಬೇಕು. 100 ವ್ಯಾಟಿನ ಪ್ರೊಸೆಸರಿಗೆ 1.2 ವೋಲ್ಟಿನಲ್ಲಿ ಹರಿಯುವುದು ಸುಮಾರು 83 ಆಂಪಿಯರ್! ಮನೆಯ 2 ಕಿಲೋವ್ಯಾಟ್ ಗೀಸರ್ ಎಳೆಯುವುದೇ ಒಂಬತ್ತು ಆಂಪಿಯರಿಗಿಂತ ಕಡಿಮೆ. ಕರೆಂಟು ಇಮ್ಮಡಿಯಾದರೆ ತಾಮ್ರದ ದಾರಿಯಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು. ಈ ಪರಿವರ್ತನೆಯಲ್ಲಿ ಶೇ. 10ರಷ್ಟು ನಷ್ಟವೆಂದರೂ ಹತ್ತು ವ್ಯಾಟಿಗೂ ಮಿಕ್ಕಿ ಶಾಖವಾಗಿ ಹೋಯಿತು. ಪ್ರೊಸೆಸರಿನ ಸುತ್ತ ಕಾಣುವ ಅಲ್ಯೂಮಿನಿಯಂ ತುಂಡುಗಳು ಅಲಂಕಾರಕ್ಕಲ್ಲ, ಆ ಶಾಖವನ್ನು ಹೊರಹಾಕುವುದಕ್ಕೆ.

ಎಲ್ಲ ಸೇರಿ ಬೋರ್ಡಿನ ಸ್ವಂತ ಖರ್ಚು 20 ವ್ಯಾಟ್ ಎಂದು ಹಿಡಿಯೋಣ. ದಿನಕ್ಕೆ ಎಂಟು ಗಂಟೆ ಕೆಲಸ ಮಾಡಿದರೆ ಆರು ದಿನಕ್ಕೊಂದು ಯೂನಿಟ್. ಇದೇನೂ ದೊಡ್ಡದಲ್ಲ. ನನ್ನನ್ನು ಕಾಡುವುದು ಶಟ್‌ಡೌನ್ ಆದ ಮೇಲಿನ ಖರ್ಚು.

1995ರಲ್ಲಿ ಇಂಟೆಲ್ ಎಟಿಎಕ್ಸ್ ವಿನ್ಯಾಸ ತರುವ ಮುಂಚೆ ಕಂಪ್ಯೂಟರಿನ ಸ್ವಿಚ್ಚು ನೇರವಾಗಿ ಮೇನ್ಸ್ ಕರೆಂಟನ್ನೇ ಕಡಿಯುತ್ತಿತ್ತು. ಎಟಿಎಕ್ಸ್‌ನಲ್ಲಿ ಪವರ್ ಬಟನ್ ಬೋರ್ಡಿಗೆ ಸುದ್ದಿ ಮುಟ್ಟಿಸುತ್ತದೆ, ಅಷ್ಟೆ. ಆ ಸುದ್ದಿ ಕೇಳಿಸಿಕೊಳ್ಳಲು ಬೋರ್ಡಿನ ಒಂದು ಭಾಗ ಸದಾ 5 ವೋಲ್ಟಿನಲ್ಲಿ ಎಚ್ಚರವಿರಬೇಕು. ನೆಟ್‌ವರ್ಕಿನಿಂದ ಎಬ್ಬಿಸುವ ಸೌಲಭ್ಯ, ಆಫ್ ಆದಾಗಲೂ ಯುಎಸ್‌ಬಿಯಿಂದ ಫೋನ್ ಚಾರ್ಜ್ ಮಾಡುವ ಸೌಲಭ್ಯ ಇದರ ಮೇಲೆಯೇ ನಿಂತಿವೆ. ಯುರೋಪ್ ಒಕ್ಕೂಟ ಈ ಸೋರಿಕೆಗೆ 2010ರಲ್ಲಿ ಒಂದು ವ್ಯಾಟ್, 2013ರಲ್ಲಿ ಅರ್ಧ ವ್ಯಾಟ್ ಮಿತಿ ಹಾಕಿತು. ಬಯಾಸ್ ಸೆಟ್ಟಿಂಗಿನಲ್ಲಿ ಕಾಣುವ 'ಇಆರ್‌ಪಿ' ಎಂಬ ಆಯ್ಕೆ ಬಂದದ್ದು ಇಂಥ ನಿಯಮಗಳಿಂದಲೇ.

ಅರವತ್ತು ಹಳೆಯ ಕಂಪ್ಯೂಟರುಗಳ ಒಂದು ಕಾಲೇಜು ಲ್ಯಾಬ್ ಇದೆ ಎನ್ನಿ. ಒಂದೊಂದೂ ಎರಡು ವ್ಯಾಟ್ ಎಳೆದರೆ, ಬೀಗ ಹಾಕಿದ ಹದಿನಾರು ಗಂಟೆಗಳಲ್ಲಿ ಹೆಚ್ಚುಕಡಿಮೆ ಎರಡು ಯೂನಿಟ್ ವ್ಯರ್ಥ. ರಜೆಯ ದಿನಗಳಲ್ಲಿ ಸುಮಾರು ಮೂರು.

ಶಟ್‌ಡೌನ್ ಆದ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸಿ. ಗಡಿಯಾರದ ಸಮಯ ತಪ್ಪೀತೆಂಬ ಭಯ ಬೇಡ. ಬೋರ್ಡಿನ ಮೇಲಿರುವ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಅದನ್ನು ವರ್ಷಗಟ್ಟಲೆ ನಡೆಸುತ್ತದೆ.