ಕಳವು, ಶಿಷ್ಟಾಚಾರ ಮತ್ತು ಧ್ವನಿ: ಲುಬಿಟ್ಶ್‌ನ ‘ಟ್ರಬಲ್ ಇನ್ ಪ್ಯಾರಡೈಸ್’

ಹಾಸ್ಯಕೃತಿಗಳನ್ನು ಕೇವಲ ಮನರಂಜನೆಯ ಸಾಮಗ್ರಿಯೆಂದು ಬದಿಗಿರಿಸುವ ಪ್ರವೃತ್ತಿ ಸಾಹಿತ್ಯ ವಿಮರ್ಶೆಯಲ್ಲಿರುವಂತೆ ಚಲನಚಿತ್ರ ವಿಮರ್ಶೆಯಲ್ಲಿಯೂ ಇದೆ. ನಗೆಯ ಹಿಂದಿರುವ ಸಾಮಾಜಿಕ ವಿವೇಕವನ್ನು ಗುರುತಿಸಲು ಕೃತಿ ಏನನ್ನು ಹೇಳುತ್ತದೆ ಎಂಬುದರಷ್ಟೇ, ಏನನ್ನು ಹೇಳದೆ ಬಿಡುತ್ತದೆ ಎಂಬುದೂ ಮುಖ್ಯವಾಗುತ್ತದೆ. ಅರ್ನ್‌ಸ್ಟ್ ಲುಬಿಟ್ಶ್ ನಿರ್ದೇಶಿಸಿ, 1932ರಲ್ಲಿ ಹಾಲಿವುಡ್‌ನ ಪ್ಯಾರಮೌಂಟ್ ಸಂಸ್ಥೆಯ ಮೂಲಕ ತೆರೆಕಂಡ ‘ಟ್ರಬಲ್ ಇನ್ ಪ್ಯಾರಡೈಸ್’ ಚಿತ್ರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬರ್ಲಿನ್‌ನಲ್ಲಿ 1892ರಲ್ಲಿ ಜನಿಸಿದ ಲುಬಿಟ್ಶ್, ಜರ್ಮನಿಯಲ್ಲಿ ಹೆಸರು ಗಳಿಸಿದ ಬಳಿಕ 1922ರಲ್ಲಿ ಹಾಲಿವುಡ್‌ಗೆ ಬಂದನು. ಈ ಚಿತ್ರಕ್ಕೆ ಹಂಗೇರಿಯ ಅಲಾದಾರ್ ಲಾಸ್ಲೊನ ನಾಟಕವೊಂದು ಆಧಾರ. ಚಿತ್ರಕಥೆ ಸ್ಯಾಮ್ಸನ್ ರಾಫೆಲ್ಸನ್‌ನದು. ಕಥಾವಸ್ತು ಸರಳವಾದುದು. ಗ್ಯಾಸ್ಟನ್ ಮತ್ತು ಲಿಲಿ ಕುಲೀನರ ವೇಷದಲ್ಲಿ ತಿರುಗುವ ಕಳ್ಳರು. ವೆನಿಸ್‌ನಲ್ಲಿ ಜೊತೆಯಾದ ಇವರು ಪ್ಯಾರಿಸ್‌ಗೆ ಬಂದು, ಸುಗಂಧದ್ರವ್ಯ ಸಂಸ್ಥೆಯೊಂದರ ಒಡತಿಯಾದ ವಿಧವೆ ಮೇರಿಯೆಟ್ ಕೋಲೆಯ ವಜ್ರಖಚಿತ ಕೈಚೀಲವನ್ನು ಕದಿಯುತ್ತಾರೆ. ಚೀಲದ ಬೆಲೆ 1,25,000 ಫ್ರಾಂಕ್. ಹುಡುಕಿಕೊಟ್ಟವರಿಗೆ 20,000 ಫ್ರಾಂಕ್ ಬಹುಮಾನ. ಗ್ಯಾಸ್ಟನ್ ತಾನೇ ಅದನ್ನು ಹಿಂದಿರುಗಿಸಿ ಆಕೆಯ ಕಾರ್ಯದರ್ಶಿಯಾಗುತ್ತಾನೆ. ತಿಜೋರಿಯ ಮೇಲಿದ್ದ ಅವನ ಕಣ್ಣು ಕ್ರಮೇಣ ಒಡತಿಯ ಕಡೆಗೂ ಹೊರಳುತ್ತದೆ.

ಚಿತ್ರದ ಆರಂಭವೇ ಅದರ ಮನೋಧರ್ಮವನ್ನು ತಿಳಿಸುತ್ತದೆ. ಪ್ರಣಯಕ್ಕೆ ಹೆಸರಾದ ವೆನಿಸ್‌ನ ರಾತ್ರಿಯಲ್ಲಿ ಮೊದಲು ಕಾಣುವುದು ಕಸದ ಡಬ್ಬ. ಕಸವನ್ನು ದೋಣಿಗೆ ಸುರಿದ ಕೆಲಸಗಾರನು ಹಾಡುತ್ತ ಮುಂದೆ ಸಾಗುತ್ತಾನೆ. ಸೊಗಸು ಮತ್ತು ಕೊಳೆ ಒಂದೇ ಚೌಕಟ್ಟಿನೊಳಗಿವೆ. ಮುಂದಿನ ಭೋಜನದ ದೃಶ್ಯದಲ್ಲಿ ಪರಸ್ಪರರ ನಿಜಸ್ವರೂಪ ಬಯಲಾದರೂ ಶಿಷ್ಟಾಚಾರ ಕೆಡುವುದಿಲ್ಲ. ಆರೋಪದ ಮಾತಿನ ಬೆನ್ನಲ್ಲೇ ಉಪ್ಪನ್ನು ಕೇಳುವ ವಿನಯವಿದೆ. ಒಬ್ಬರಿಂದೊಬ್ಬರು ಎಗರಿಸಿದ ಹಣದ ಚೀಲ, ಆಭರಣದ ಪಿನ್ನು, ಗಡಿಯಾರಗಳು ಒಂದೊಂದಾಗಿ ಮೇಜಿನ ಮೇಲೆ ಮರಳುತ್ತವೆ. ಪ್ರಣಯನಿವೇದನೆಯ ಸ್ಥಾನವನ್ನು ಇಲ್ಲಿ ಕಳ್ಳತನದ ಕೌಶಲವೇ ಆಕ್ರಮಿಸಿದೆ.

‘ಲುಬಿಟ್ಶ್ ಸ್ಪರ್ಶ’ ಎಂದು ವಿಮರ್ಶಕರು ಕರೆದಿರುವ ಈ ಕ್ರಮವನ್ನು ಕನ್ನಡದ ಓದುಗರು ಧ್ವನಿಯ ಪರಿಕಲ್ಪನೆಯ ಮೂಲಕ ಸಮೀಪಿಸಬಹುದು. ಆನಂದವರ್ಧನನು ಕಾವ್ಯವನ್ನು ಕುರಿತು ಹೇಳಿದುದನ್ನು ಚಲನಚಿತ್ರಕ್ಕೆ ಯಥಾವತ್ತಾಗಿ ಅನ್ವಯಿಸುವುದು ಸಾಧುವಲ್ಲ. ಆದರೆ ವಾಚ್ಯವನ್ನು ಮೀರಿ ವ್ಯಂಗ್ಯಾರ್ಥವೇ ಪ್ರಧಾನವಾಗುವ ಬಗೆ ಇಲ್ಲಿ ಸ್ಪಷ್ಟವಾಗಿದೆ. ಒಂದು ಸಂಜೆಯ ಘಟನೆಗಳನ್ನು ಕ್ಯಾಮೆರಾ ಗಡಿಯಾರಗಳ ಮೂಲಕವೇ ನಿರೂಪಿಸುತ್ತದೆ. ಮುಳ್ಳುಗಳು ಸರಿಯುತ್ತವೆ, ಮರೆಯಿಂದ ಮಾತುಗಳು ಕೇಳುತ್ತವೆ, ವ್ಯಕ್ತಿಗಳು ಕಾಣುವುದಿಲ್ಲ. ಮತ್ತೊಂದೆಡೆ ಗ್ಯಾಸ್ಟನ್ ಮತ್ತು ಮೇರಿಯೆಟ್‌ರ ಆಲಿಂಗನ ಹಾಸಿಗೆಯ ಮೇಲೆ ಬಿದ್ದ ನೆರಳಾಗಿ ಮಾತ್ರ ತೋರುತ್ತದೆ. ಉಳಿದುದನ್ನು ಪೂರ್ಣಗೊಳಿಸುವ ಹೊಣೆ ಸಹೃದಯನದು.

ಆದರೆ ಈ ಸೂಚ್ಯತೆಯನ್ನು ಕೇವಲ ಶೈಲಿಯ ಚಮತ್ಕಾರವೆಂದು ತಿಳಿಯುವುದು ಸರಿಯಲ್ಲ. ಮರೆಮಾಚುವುದು ಚಿತ್ರದ ವಿಧಾನವಾಗಿರುವಂತೆಯೇ ಅದರ ವಸ್ತುವೂ ಆಗಿದೆ. ಮೇರಿಯೆಟ್‌ಳ ಸಂಸ್ಥೆಯ ಆಡಳಿತ ಮಂಡಳಿಯ ಅಧ್ಯಕ್ಷ ಜಿರಾನ್ ಗೌರವಸ್ಥ, ವಯೋವೃದ್ಧ, ಕುಟುಂಬದ ಹಳೆಯ ಮಿತ್ರ. ನೌಕರರ ಸಂಬಳ ಕಡಿತಗೊಳಿಸಬೇಕೆಂಬ ಸಲಹೆ ಮಂಡಳಿಯಿಂದ ಬಂದಾಗ ಮೇರಿಯೆಟ್ ಅದನ್ನು ಒಪ್ಪುವುದಿಲ್ಲ. ಇದೇ ಜಿರಾನ್ ವರ್ಷಗಳಿಂದ ಸಂಸ್ಥೆಯ ಹಣವನ್ನು ಲಪಟಾಯಿಸಿದ್ದಾನೆಂಬುದನ್ನು ಕಂಡುಹಿಡಿಯುವವನು ವೃತ್ತಿಯಿಂದ ಕಳ್ಳನಾದ ಗ್ಯಾಸ್ಟನ್. ಸತ್ಯ ಹೊರಬಿದ್ದಾಗಲೂ ಜಿರಾನ್‌ನನ್ನು ಪೊಲೀಸರಿಗೆ ಒಪ್ಪಿಸಲು ಮೇರಿಯೆಟ್ ಹಿಂಜರಿಯುತ್ತಾಳೆ. ಪ್ರತಿಷ್ಠಿತರ ಪಟ್ಟಿಯಲ್ಲಿ ಹೆಸರಿದ್ದವನಿಗೆ ಸೆರೆಮನೆಯಿಲ್ಲ, ಕೆಳಗಿನಿಂದ ಸ್ವಂತ ಪರಿಶ್ರಮದಿಂದ ಮೇಲೆ ಬಂದ ಕಳ್ಳನಿಗೆ ಮಾತ್ರ ಪೊಲೀಸರು ಎಂಬರ್ಥದ ಗ್ಯಾಸ್ಟನ್‌ನ ಮಾತು ಚಿತ್ರದ ನೈತಿಕ ಕೇಂದ್ರವಾಗಿದೆ. ಸೂಚ್ಯತೆಯನ್ನೇ ನೆಚ್ಚಿದ ಕೃತಿಯಲ್ಲಿ ಬಹುಮಟ್ಟಿಗೆ ವಾಚ್ಯವಾಗಿ ಬರುವ ಮಾತಾದ್ದರಿಂದಲೇ ಇದರ ಪೆಟ್ಟು ಬಲವಾದುದು.

1929ರ ಷೇರುಪೇಟೆಯ ಕುಸಿತದ ನಂತರದ ಆರ್ಥಿಕ ಬಿಕ್ಕಟ್ಟಿನಲ್ಲಿ ಚಿತ್ರ ತೆರೆಕಂಡಿತೆಂಬುದು ಇಲ್ಲಿ ಗಮನಾರ್ಹ. ಇಂತಹ ಕಾಲದಲ್ಲಿ ಕೈಚೀಲವೊಂದಕ್ಕೆ ಅಷ್ಟು ಹಣ ವ್ಯಯಿಸಿದುದನ್ನು ಕ್ರಾಂತಿಕಾರಿ ಮನೋಭಾವದ ಆಗಂತುಕನೊಬ್ಬ ಮೇರಿಯೆಟ್‌ಳ ಮನೆಗೇ ಬಂದು ಹೀಯಾಳಿಸುತ್ತಾನೆ. ಪ್ರೇಕ್ಷಕರು ನಗುತ್ತಾರೆ, ಆದರೆ ಅವನ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ.

ಕೊನೆಯಲ್ಲಿ ಗ್ಯಾಸ್ಟನ್ ಲಿಲಿಯ ಬಳಿಗೆ ಮರಳುತ್ತಾನೆ. ಆಕೆಗೆಂದು ತಂದ ಮುತ್ತಿನ ಸರವನ್ನು ಜೇಬಿನಲ್ಲಿ ಹುಡುಕಿದರೆ, ಅದಾಗಲೇ ಆಕೆಯ ಕೈಸೇರಿದೆ. ಇವರ ನಡುವೆ ಮುಚ್ಚುಮರೆಯಿಲ್ಲ. ಶಿಷ್ಟ ಸಮಾಜದಲ್ಲಿ ದೊರೆಯದ ಪ್ರಾಮಾಣಿಕತೆ ಕಳ್ಳರ ದಾಂಪತ್ಯದಲ್ಲಿದೆ. ಅಪರಾಧಕ್ಕೆ ಶಿಕ್ಷೆಯಿಲ್ಲದ ಈ ಮುಕ್ತಾಯವನ್ನು, 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ಹಾಲಿವುಡ್‌ನ ನಿರ್ಮಾಣ ಸಂಹಿತೆ ಸಹಿಸಲಿಲ್ಲ. 1935ರಲ್ಲಿ ಮರುಬಿಡುಗಡೆಗೆ ಅನುಮತಿ ದೊರೆಯದೆ ಚಿತ್ರ ದಶಕಗಳ ಕಾಲ ಸಾರ್ವಜನಿಕರ ಕಣ್ಣಿನಿಂದ ದೂರ ಉಳಿಯಿತು. 1991ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು.

ಪ್ರತಿಷ್ಠೆಯ ಮರೆಯಲ್ಲಿ ನಡೆಯುವ ಕಳವನ್ನು ಬಯಲಿಗೆಳೆಯಲು ಮರೆಯ ಭಾಷೆಯನ್ನೇ ಬಳಸಿದುದು ಲುಬಿಟ್ಶ್‌ನ ಸಾಧನೆ. ಇಲ್ಲಿ ಧ್ವನಿಯು ಅಲಂಕಾರವಾಗಿ ಉಳಿಯದೆ ವಿಮರ್ಶೆಯ ಸಾಧನವಾಗಿದೆ. ಹಾಸ್ಯಕೃತಿಯನ್ನು ಗಂಭೀರವಾಗಿ ಓದಬೇಕಾದ ಅಗತ್ಯವೂ ಇಲ್ಲಿಯೇ ಇದೆ.