ಕಾಲ್ಚೆಂಡಿನ ಅಭಿಮಾನಿ: ಅವನ ತಂಡ, ಅವನ ಆರೋಗ್ಯ

ಆಟಗಾರನನ್ನು ಕುರಿತು ಬರೆದವರು ಬಹಳ ಮಂದಿ. ಆಟ ನೋಡುವವನನ್ನು ಕುರಿತು ಬರೆದವರು ವಿರಳ. ಬಿಸಿಲೆನ್ನದೆ ಮಳೆಯೆನ್ನದೆ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ಕುಳಿತು, ತನ್ನ ತಂಡ ಗೆದ್ದಾಗ ಹಿಗ್ಗಿ, ಸೋತಾಗ ಕುಗ್ಗಿ ಮನೆಗೆ ಹಿಂದಿರುಗುವ ಅಭಿಮಾನಿಯಿಲ್ಲದಿದ್ದರೆ ಕಾಲ್ಚೆಂಡಾಟವು ಒಂದು ದೊಡ್ಡ ಉದ್ಯಮವಾಗಿ ಬೆಳೆಯುತ್ತಿರಲಿಲ್ಲ. ಆತನ ದುಡ್ಡು ಎಲ್ಲರಿಗೂ ಬೇಕು. ಆತನ ಮಾತಿಗೆ ಮಾತ್ರ ಬೆಲೆ ಕಡಿಮೆ. ತನ್ನ ಕ್ಲಬ್ಬಿನ ಬಗೆಗೆ ಆತನ ಅಭಿಪ್ರಾಯವೇನು, ಆ ಅಭಿಮಾನ ಆತನ ದೇಹಕ್ಕೆ ಮಾಡುವ ಹಿತವೇನು, ಅಹಿತವೇನು ಎಂಬುದನ್ನು ಎರಡು ನೆಲಗಳ ಉದಾಹರಣೆಯಿಂದ ಪರಿಶೀಲಿಸಬಹುದು. ಒಂದು, ಸಾವಿರಾರು ಕನ್ನಡಿಗರು ನೆಲೆ ಕಂಡುಕೊಂಡಿರುವ ಹೈದರಾಬಾದು. ಇನ್ನೊಂದು, ಭಾರತಕ್ಕೆ ಕಾಲ್ಚೆಂಡನ್ನು ತಂದವರಲ್ಲಿ ಮುಖ್ಯರಾದ ಸ್ಕಾಟರ ನಾಡು.

ಸ್ಕಾಟರಿಂದ ಬಂದ ಆಟ

1872ರ ನವೆಂಬರ್ 30ರಂದು ಗ್ಲಾಸ್ಗೋ ನಗರದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ತಂಡಗಳ ನಡುವೆ ನಡೆದ ಪಂದ್ಯವೇ ಕಾಲ್ಚೆಂಡಿನ ಪ್ರಥಮ ಅಂತರರಾಷ್ಟ್ರೀಯ ಪಂದ್ಯವೆಂದು ಮಾನ್ಯವಾಗಿದೆ. ಯಾರೂ ಗೋಲು ಹೊಡೆಯಲಿಲ್ಲ. ಆದರೆ ಆ ದಿನಗಳ ಆಂಗ್ಲರು ಚೆಂಡನ್ನು ಒಬ್ಬೊಬ್ಬರೇ ಕಾಲಲ್ಲಿ ಹೊರಳಿಸಿಕೊಂಡು ನುಗ್ಗುತ್ತಿದ್ದರೆ, ಕ್ವೀನ್ಸ್ ಪಾರ್ಕ್ ಎಂಬ ಒಂದೇ ಕ್ಲಬ್ಬಿನಿಂದ ಬಂದ ಸ್ಕಾಟರು ಚೆಂಡನ್ನು ಪರಸ್ಪರ ದಾಟಿಸುತ್ತ ಆಡುವ ಕ್ರಮವನ್ನು ಬೆಳೆಸಿದರು. ಇಂದು ಜಗತ್ತೆಲ್ಲ ಆಡುವುದು ಆ ಆಟವನ್ನೇ.

ಭಾರತಕ್ಕೆ ಇದು ಬಂದದ್ದು ಪಲ್ಟಣಗಳ ಜೊತೆಯಲ್ಲಿ. 1888ರಲ್ಲಿ ಸಿಮ್ಲಾದಲ್ಲಿ ಡ್ಯುರಾಂಡ್ ಕಪ್ ಆರಂಭವಾದಾಗ ಮೊದಲ ಅಂತಿಮ ಪಂದ್ಯ ನಡೆದುದು ಎರಡು ಸ್ಕಾಟಿಷ್ ಪಲ್ಟಣಗಳ ನಡುವೆಯೇ. ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್ ತಂಡವು ಹೈಲೆಂಡ್ ಲೈಟ್ ಇನ್‌ಫೆಂಟ್ರಿಯನ್ನು ಸೋಲಿಸಿತು. ಈ ಋಣವನ್ನು ಭಾರತೀಯನೊಬ್ಬ ಸ್ವಲ್ಪ ತೀರಿಸಿದ್ದೂ ಉಂಟು. 1936ರಲ್ಲಿ ಕಲಕತ್ತೆಯ ಮಹಮ್ಮದ್ ಸಲೀಂ ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ಬಿನ ಪರವಾಗಿ ಬೂಟಿಲ್ಲದೆ, ಪಾದಕ್ಕೆ ಬರಿಯ ಬಟ್ಟೆಯ ಪಟ್ಟಿ ಸುತ್ತಿಕೊಂಡು ಆಡಿ ಅಲ್ಲಿನ ಪ್ರೇಕ್ಷಕರನ್ನು ಬೆರಗುಗೊಳಿಸಿದರು.

ಕಾಚಿಗುಡದ ಮೇಷ್ಟರು

ಹೈದರಾಬಾದಿನ ಕನ್ನಡಿಗರಿಗೆ ಕಾಚಿಗುಡ ಚಿರಪರಿಚಿತ. ಅಲ್ಲಿಯ ಮಾಧ್ಯಮಿಕ ಶಾಲೆಯಲ್ಲಿಯೂ ನಗರದ ಇತರ ಶಾಲೆಗಳಲ್ಲಿಯೂ ಪಾಠ ಹೇಳಿದ ಸೈಯದ್ ಅಬ್ದುಲ್ ರಹೀಂ ಭಾರತದ ಅತ್ಯಂತ ಶ್ರೇಷ್ಠ ಕಾಲ್ಚೆಂಡು ತರಬೇತುದಾರರೆನಿಸಿಕೊಂಡರು. ಅವರು ಸಿದ್ಧಪಡಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತವಾಗಿ ಐದು ಸಲ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. 1950ರಲ್ಲಿ ಮೋಹನ್ ಬಗಾನ್ ತಂಡವನ್ನು ಮಣಿಸಿ ಡ್ಯುರಾಂಡ್ ಕಪ್ಪನ್ನೂ ಪಡೆಯಿತು. ಚೆಂಡನ್ನು ಕಾಲಲ್ಲಿ ಹೊರಳಿಸಿಕೊಂಡು ಹೋಗಲೇಬಾರದೆಂಬ ಪಂದ್ಯಗಳು, ಬಲಹೀನವಾದ ಕಾಲಿನಿಂದಲೇ ಒದೆಯಬೇಕೆಂಬ ಪಂದ್ಯಗಳು ರಹೀಂ ಸಾಹೇಬರ ಪಾಠಕ್ರಮದ ಭಾಗವಾಗಿದ್ದವು. ಗ್ಲಾಸ್ಗೋದವರು ಕಂಡುಕೊಂಡ ಚೆಂಡು ದಾಟಿಸುವ ತತ್ತ್ವವನ್ನು ಅವರು ತಮ್ಮ ಊರಿನ ಬಡ ಹುಡುಗರಿಗೆ ಒಗ್ಗುವಂತೆ ಕಲಿಸಿದರು.

ಆ ವಿಜಯಗಳಲ್ಲಿ ಕನ್ನಡಿಗರಿಗೂ ಪಾಲಿತ್ತೆಂಬುದನ್ನು ಮರೆಯಲಾಗದು. ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಹೈದರಾಬಾದಿನ ತಂಡ ಆ ಜಿಲ್ಲೆಗಳವರಿಗೆ ತಮ್ಮ ರಾಜಧಾನಿಯ ತಂಡ. ಇತ್ತ ಹಳೆಯ ಮೈಸೂರಿಗೂ ತನ್ನದೇ ಕೀರ್ತಿಯಿತ್ತು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದಿತ್ತು; ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ತಂದಿತ್ತು. ರಾಜ್ಯಗಳು ಮರುವಿಂಗಡಣೆಯಾದ ಕೆಲವೇ ವಾರಗಳಲ್ಲಿ ಮೆಲ್ಬೋರ್ನ್ ಒಲಿಂಪಿಕ್ಸ್ ನಡೆದಾಗ ಹೈದರಾಬಾದಿನ ಹುಡುಗರೊಡನೆ ಮೈಸೂರಿನ ಕೆಂಪಯ್ಯನವರೂ ರಹೀಂ ಸಾಹೇಬರ ತಂಡದಲ್ಲಿದ್ದರು. ಆ ತಂಡ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಗಳಿಸಿತು. ಭಾರತದ ಕಾಲ್ಚೆಂಡು ಒಲಿಂಪಿಕ್ಸಿನಲ್ಲಿ ಅದಕ್ಕಿಂತ ಮೇಲೇರಿದ್ದಿಲ್ಲ.

1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ಗೆಲ್ಲಿಸಿಕೊಟ್ಟ ರಹೀಂ ಸಾಹೇಬರು ಮರುವರ್ಷ ಜೂನ್ 11ರಂದು ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದರು. ಆಗ ಅವರಿಗೆ ಇನ್ನೂ ಐವತ್ತನಾಲ್ಕು ತುಂಬಿರಲಿಲ್ಲ. ಅವರ ಶಿಷ್ಯ, ಸಿಕಂದರಾಬಾದಿನ ತುಳಸೀದಾಸ್ ಬಲರಾಂ ಅವರ ಆಟವೂ ಮೂವತ್ತು ತುಂಬುವ ಮೊದಲೇ ಶ್ವಾಸಕೋಶದ ಕಾಯಿಲೆಯಿಂದಾಗಿ ನಿಂತುಹೋಯಿತು. ಹೈದರಾಬಾದಿನ ಕಾಲ್ಚೆಂಡಿನ ವೈಭವ ಇಳಿಮುಖವಾದುದಕ್ಕೆ ಕಾರಣಗಳು ಹಲವು. ಗುರುವಿನ ಅಕಾಲಮರಣ ಅವುಗಳಲ್ಲೊಂದು.

ಊರು ಬಿಟ್ಟ ಕ್ಲಬ್ಬು

ದೀರ್ಘಕಾಲದ ಮೌನದ ಬಳಿಕ 2019ರಲ್ಲಿ ಹೈದರಾಬಾದ್ ಎಫ್.ಸಿ. ಎಂಬ ವೃತ್ತಿಪರ ಕ್ಲಬ್ಬು ಹುಟ್ಟಿತು. ಗಚ್ಚಿಬೌಲಿಯ ಕ್ರೀಡಾಂಗಣ ಅದರ ಮನೆಯಾಯಿತು. 2022ರ ಮಾರ್ಚ್ 20ರಂದು ಗೋವೆಯ ಫತೋರ್ಡಾದಲ್ಲಿ ಕೇರಳದ ತಂಡದೊಡನೆ ನಡೆದ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ 1-1ರಲ್ಲಿ ಸಮವಾಗಿ, ಪೆನಾಲ್ಟಿ ಒದೆತಗಳಲ್ಲಿ ಹೈದರಾಬಾದು 3-1ರಿಂದ ಗೆದ್ದಿತು. ಆ ಗೆಲುವಿಗೆ ಕಾರಣನಾದ ಗೋಲುರಕ್ಷಕ ಗೋವೆಯ ಲಕ್ಷ್ಮೀಕಾಂತ ಕಟ್ಟಿಮನಿ. ಆ ಮನೆತನದ ಹೆಸರು ಯಾವ ಕನ್ನಡಿಗನ ಕಿವಿಗೂ ಹೊಸದಲ್ಲ.

ಸಂಭ್ರಮ ಬಹುಕಾಲ ಬಾಳಲಿಲ್ಲ. ಮರುವರ್ಷವೇ ಹಣದ ಮುಗ್ಗಟ್ಟು ತಲೆದೋರಿ ಆಟಗಾರರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಒಡೆತನ ಕೈ ಬದಲಾಯಿಸಿತು. 2025ರಲ್ಲಿ ಕ್ಲಬ್ಬು ಹೆಸರನ್ನೂ ಊರನ್ನೂ ಬದಲಿಸಿಕೊಂಡು ದೆಹಲಿಗೆ ಹೋಯಿತು. ಹೀಗೆ ಎದ್ದುಹೋದ ತಂಡದ ಅಭಿಮಾನಿ ಏನು ಮಾಡಬೇಕು? ಅಂಗಡಿಯೊಂದು ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅಭಿಮಾನಿ ಗಿರಾಕಿಯಲ್ಲ. ಅವನು ಪ್ರೀತಿಸಿದ್ದು ಬರಿಯ ಹನ್ನೊಂದು ಮಂದಿಯನ್ನಲ್ಲ, ಊರಿನ ಹೆಸರು ಹೊತ್ತ ಹನ್ನೊಂದು ಮಂದಿಯನ್ನು. ಊರು ಬಿಟ್ಟು ಬಂದು ಹೊಸ ಊರಿನ ತಂಡವನ್ನು ತನ್ನದೆಂದುಕೊಂಡ ವಲಸಿಗನಿಗಂತೂ ಈ ನಷ್ಟ ಇನ್ನಷ್ಟು ನಾಟುತ್ತದೆ. ಹೊಸ ಊರಿನವರೊಡನೆ ಭುಜಕ್ಕೆ ಭುಜ ತಾಗಿಸಿ ಕೂಗುವ ಒಂದು ಜಾಗವೇ ಆತನಿಗೆ ಇಲ್ಲವಾಗುತ್ತದೆ.

ಚಂದಾದಾರರ ಒಡೆತನ

ಇಡೀ ಸ್ಕಾಟ್ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ, ಎಂದರೆ ಹೈದರಾಬಾದ್ ನಗರಕ್ಕಿಂತ ಕಡಿಮೆ. ಆದರೂ ಅಲ್ಲಿನ ಸಣ್ಣ ಸಣ್ಣ ಪಟ್ಟಣಗಳಿಗೂ ಶತಮಾನ ದಾಟಿದ ಕ್ಲಬ್ಬುಗಳಿವೆ. ಅಲ್ಲಿಯ ಅಭಿಮಾನಿಗೆ ದೂರುಗಳಿಲ್ಲವೆಂದಲ್ಲ. 1985ರಲ್ಲಿ ಅಬರ್ಡೀನ್ ಗೆದ್ದ ಬಳಿಕ 2025ರವರೆಗಿನ ನಲವತ್ತು ಋತುಗಳಲ್ಲಿ ಸೆಲ್ಟಿಕ್ ಮತ್ತು ರೇಂಜರ್ಸ್ ಎಂಬ ಗ್ಲಾಸ್ಗೋದ ಎರಡು ಕ್ಲಬ್ಬುಗಳ ಹೊರತು ಮೂರನೆಯದು ಲೀಗನ್ನು ಗೆಲ್ಲಲಿಲ್ಲ. ಹಣವಿದ್ದವರೇ ಗೆಲ್ಲುತ್ತಾರೆ, ಬೆಳೆಸಿದ ಹುಡುಗರನ್ನು ಇಂಗ್ಲೆಂಡಿನ ಶ್ರೀಮಂತರು ಕೊಂಡೊಯ್ಯುತ್ತಾರೆ, ಪಂದ್ಯದ ವೇಳೆಯನ್ನು ದೂರದರ್ಶನದವರು ನಿರ್ಧರಿಸುತ್ತಾರೆ ಎಂಬುವು ಅಲ್ಲಿ ನಿತ್ಯ ಕೇಳಿಬರುವ ದೂರುಗಳು.

ಆದರೆ ಸಂಕಟ ಬಂದಾಗ ಅಭಿಮಾನಿ ನಡೆದುಕೊಂಡ ರೀತಿ ಗಮನಾರ್ಹ. 2012ರಲ್ಲಿ ರೇಂಜರ್ಸ್ ಕ್ಲಬ್ಬನ್ನು ನಡೆಸುತ್ತಿದ್ದ ಕಂಪನಿ ದಿವಾಳಿಯೆದ್ದು, ತಂಡ ಅತಿ ಕೆಳಗಿನ ದರ್ಜೆಯಿಂದ ಆಡಬೇಕಾಯಿತು. ಆ ನಾಲ್ಕನೆಯ ದರ್ಜೆಯ ಪಂದ್ಯವೊಂದನ್ನು ನೋಡಲು ಸುಮಾರು 49 ಸಾವಿರ ಮಂದಿ ನೆರೆದರು. ಎಡಿನ್‌ಬರೋದ ಹಾರ್ಟ್ಸ್ ಕ್ಲಬ್ಬು 2013ರಲ್ಲಿ ಸಾಲದಲ್ಲಿ ಮುಳುಗಿದಾಗ ಅಭಿಮಾನಿಗಳೇ ಸಂಸ್ಥೆ ಕಟ್ಟಿ, ತಿಂಗಳು ತಿಂಗಳೂ ಚಂದಾ ತೆತ್ತು, 2021ರಲ್ಲಿ ಕ್ಲಬ್ಬಿನ ಬಹುಪಾಲು ಷೇರುಗಳಿಗೆ ಒಡೆಯರಾದರು. ಒಬ್ಬ ಧನಿಕನ ಔದಾರ್ಯಕ್ಕಿಂತ ಸಾವಿರ ಮಂದಿಯ ಸಣ್ಣ ಚಂದಾ ಗಟ್ಟಿ ಎಂಬುದು ಅವರ ನಿಲುವು. ಪರಊರಿನಲ್ಲಿ ಕನ್ನಡ ಸಂಘಗಳನ್ನು ಉಳಿಸಿಕೊಂಡು ಬಂದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ನೋಡುವವನ ಎದೆ

ಇನ್ನು ಆರೋಗ್ಯದ ವಿಷಯ. ಸೆಲ್ಟಿಕ್ ತಂಡಕ್ಕೆ 1967ರಲ್ಲಿ ಯೂರೋಪಿಯನ್ ಕಪ್ಪನ್ನು ಗಳಿಸಿಕೊಟ್ಟ ಜಾಕ್ ಸ್ಟೈನ್, 1985ರ ಸೆಪ್ಟೆಂಬರ್ 10ರಂದು ಕಾರ್ಡಿಫ್‌ನಲ್ಲಿ ಸ್ಕಾಟ್ಲೆಂಡಿನ ಪಂದ್ಯ ಮುಗಿಯುವ ಹೊತ್ತಿಗೆ ಮೈದಾನದ ಅಂಚಿನಲ್ಲಿ ಕುಸಿದರು. ಹೃದಯ ಸೋತು ಅಲ್ಲಿಯೇ ತೀರಿಕೊಂಡರು. ಅವರಿಗೆ ವಯಸ್ಸು 62. ಸಾಮಾನ್ಯ ಪ್ರೇಕ್ಷಕನಿಗೂ ಈ ಅಪಾಯವುಂಟು. 2006ರ ವಿಶ್ವಕಪ್ ಜರ್ಮನಿಯಲ್ಲಿ ನಡೆದಾಗ ಮ್ಯೂನಿಕ್ ಪ್ರದೇಶದ ವೈದ್ಯರು ಲೆಕ್ಕವಿಟ್ಟರು. ಜರ್ಮನಿ ಆಡಿದ ದಿನಗಳಲ್ಲಿ ಹೃದಯಸಂಬಂಧಿ ತುರ್ತು ಪ್ರಕರಣಗಳು ಸಾಮಾನ್ಯ ದಿನಗಳ 2.66 ಪಟ್ಟಿಗೆ, ಗಂಡಸರಲ್ಲಿ 3.26 ಪಟ್ಟಿಗೆ ಏರಿದ್ದವು. ಮೊದಲೇ ಹೃದ್ರೋಗವಿದ್ದವರು ಹೆಚ್ಚಾಗಿ ತುತ್ತಾದರು.

ಕಾರಣ ಸರಳ. ಉದ್ವೇಗದಲ್ಲಿ ಅಡ್ರಿನಲಿನ್ ರಕ್ತಕ್ಕೆ ಸೇರಿ ನಾಡಿ ವೇಗಗೊಳ್ಳುತ್ತದೆ, ರಕ್ತದ ಒತ್ತಡ ಏರುತ್ತದೆ. ಕಿರಿದಾದ ರಕ್ತನಾಳಗಳುಳ್ಳವನಿಗೆ ಅಷ್ಟೇ ಸಾಕು. ಯೂರೋಪಿನ ಪಂದ್ಯಗಳು ಭಾರತದಲ್ಲಿ ನಡುರಾತ್ರಿ ಕಳೆದ ಮೇಲೆ ಆರಂಭವಾಗುವುದರಿಂದ ಇಲ್ಲಿಯ ಅಭಿಮಾನಿಗೆ ನಿದ್ರಾಭಂಗ, ಕುರುಕಲು ತಿಂಡಿ, ಸಿಗರೇಟು ಜೊತೆಗೂಡುತ್ತವೆ. ಭಾರತೀಯರಲ್ಲಿ ಹೃದ್ರೋಗವು ಪಾಶ್ಚಾತ್ಯರಿಗಿಂತ ಚಿಕ್ಕ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ಸೆಂಟಿಮೀಟರ್ ಮೀರಬಾರದೆಂಬುದು ವೈದ್ಯರ ಸೂಚನೆ.

ಎದೆಯಲ್ಲಿ ಭಾರವಿಟ್ಟಂತಹ ನೋವು, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು, ಉಸಿರಾಟದ ಕಷ್ಟ ಕಂಡುಬಂದರೆ ಪಂದ್ಯ ಮುಗಿಯಲೆಂದು ಕಾಯಬಾರದು. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ಎದೆನೋವು ಸ್ಪಷ್ಟವಾಗಿಲ್ಲದೆ ಬರಿಯ ಸುಸ್ತು, ವಾಕರಿಕೆ ಇರಬಹುದು. ‘ವಾಯು’ವೆಂದು ಜೀರಿಗೆ ನೀರು ಕುಡಿದು ಮಲಗುವುದು ಅಪಾಯ. 2005ರಲ್ಲಿ ಹೈದರಾಬಾದಿನಲ್ಲಿಯೇ ಮೊದಲಾದ 108 ಸಂಖ್ಯೆಯ ತುರ್ತು ವಾಹನವನ್ನು ಕೂಡಲೇ ಕರೆಯಬೇಕು.

ಗುಂಪಿನಲ್ಲಿ ಎಚ್ಚರ

1971ರ ಜನವರಿ 2ರಂದು ಗ್ಲಾಸ್ಗೋದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ ಪಂದ್ಯ ಮುಗಿದು ಹೊರಡುತ್ತಿದ್ದ ಜನ ಮೆಟ್ಟಿಲುಗಳಲ್ಲಿ ಒಬ್ಬರ ಮೇಲೊಬ್ಬರು ಬಿದ್ದು 66 ಮಂದಿ ಸತ್ತರು. ಅದರ ಫಲವಾಗಿ 1975ರಲ್ಲಿ ಬ್ರಿಟನ್ನಿನಲ್ಲಿ ಕ್ರೀಡಾಂಗಣಗಳ ಸುರಕ್ಷತೆಗೆ ಶಾಸನ ಬಂದಿತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕ್ರಿಕೆಟ್ ತಂಡದ ವಿಜಯೋತ್ಸವಕ್ಕೆ ಬಂದವರಲ್ಲಿ 11 ಮಂದಿ ಪ್ರಾಣ ಕಳೆದುಕೊಂಡಾಗ ಪ್ರತಿಯೊಂದು ಕನ್ನಡ ಮನೆಯೂ ಮರುಗಿತು. ಇಂತಹ ದುರಂತಗಳಲ್ಲಿ ಜನ ಸಾಮಾನ್ಯವಾಗಿ ಸಾಯುವುದು ತುಳಿತದಿಂದಲ್ಲ. ಎದೆ ಒತ್ತಲ್ಪಟ್ಟು ಉಸಿರಾಡಲಾಗದೆ. ನೂಕುನುಗ್ಗಲಿನಲ್ಲಿ ಸಿಕ್ಕವರು ಎರಡು ಕೈಗಳನ್ನೂ ಎದೆಯ ಮುಂದೆ ಮಡಿಚಿ ಉಸಿರಿಗೆ ಎಡೆ ಮಾಡಿಕೊಳ್ಳಬೇಕು. ಪ್ರವಾಹಕ್ಕೆ ಎದುರಾಗದೆ ಓರೆಯಾಗಿ ಅಂಚಿನತ್ತ ಸರಿಯಬೇಕು. ಬಿದ್ದ ವಸ್ತುವಿಗಾಗಿ ಬಾಗಬಾರದು. ಮಕ್ಕಳನ್ನು ಅಂತಹ ಗುಂಪಿಗೆ ಕರೆದೊಯ್ಯದಿರುವುದೇ ಲೇಸು.

ಅಭಿಮಾನವೇ ಔಷಧ

ಅಭಿಮಾನದಿಂದ ಹಿತವೂ ಉಂಟೆಂಬುದನ್ನು ತೋರಿಸಿಕೊಟ್ಟವರು ಸ್ಕಾಟರೇ. ತೂಕ ಇಳಿಸುವ ಚಿಕಿತ್ಸಾಲಯವೆಂದರೆ ಗಂಡಸರು ದೂರ ಓಡುತ್ತಾರೆ; ತಮ್ಮ ಕ್ಲಬ್ಬಿನ ಮೈದಾನಕ್ಕೆ ಬನ್ನಿರೆಂದರೆ ಓಡೋಡಿ ಬರುತ್ತಾರೆ. ಈ ಮರ್ಮವನ್ನರಿತ ಸಂಶೋಧಕರು 13 ವೃತ್ತಿಪರ ಕ್ಲಬ್ಬುಗಳ ನೆರವಿನಿಂದ 35ರಿಂದ 65 ವಯಸ್ಸಿನ 747 ಸ್ಥೂಲಕಾಯದ ಗಂಡಸರನ್ನು ಆರಿಸಿ, ಅರ್ಧದಷ್ಟು ಮಂದಿಗೆ ಹನ್ನೆರಡು ವಾರ ತರಬೇತಿಯನ್ನು ಮೊದಲೇ ಕೊಡಿಸಿದರು. ಕ್ಲಬ್ಬಿನ ತರಬೇತುದಾರರೇ ಗುರುಗಳು. ಹೆಜ್ಜೆ ಎಣಿಸುವ ಸಾಧನವನ್ನು ಕಟ್ಟಿಕೊಂಡು ನಡಿಗೆ, ಊಟದ ಪ್ರಮಾಣದ ಪಾಠ, ಪರಸ್ಪರ ಹಾಸ್ಯ, ಇಷ್ಟೇ ಅದರ ತಿರುಳು. ಒಂದು ವರ್ಷದ ಬಳಿಕ ತೂಗಿ ನೋಡಿದಾಗ ತರಬೇತಿ ಪಡೆದವರು ಪಡೆಯದವರಿಗಿಂತ ಸರಾಸರಿ ಸುಮಾರು 5 ಕಿಲೋಗ್ರಾಂ ಹೆಚ್ಚು ತೂಕ ಇಳಿಸಿದ್ದರು. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಈ ಫಲಿತಾಂಶವನ್ನು ಪ್ರಕಟಿಸಿತು.

ಚೆಂಡಾಡುವ ಮಕ್ಕಳ ತಂದೆತಾಯಿಗಳಿಗೂ ಒಂದು ಸೂಚನೆ ಅಲ್ಲಿಂದ ಬಂದಿದೆ. ಗ್ಲಾಸ್ಗೋ ವಿಶ್ವವಿದ್ಯಾಲಯದವರು ಮಾಜಿ ವೃತ್ತಿಪರ ಆಟಗಾರರನ್ನು ಅಧ್ಯಯನ ಮಾಡಿ, ಅವರಲ್ಲಿ ಮಿದುಳು ಕ್ಷಯಿಸುವ ಕಾಯಿಲೆಗಳಿಂದ ಆಗುವ ಸಾವು ಮೂರೂವರೆ ಪಟ್ಟು ಹೆಚ್ಚೆಂದು 2019ರಲ್ಲಿ ತಿಳಿಸಿದರು. ಮರುವರ್ಷ ಸ್ಕಾಟಿಷ್ ಸಂಸ್ಥೆಯು ಹನ್ನೆರಡರ ಕೆಳಗಿನ ಮಕ್ಕಳಿಗೆ ಅಭ್ಯಾಸದಲ್ಲಿ ತಲೆಯಿಂದ ಚೆಂಡು ಹೊಡೆಯುವುದನ್ನು ನಿಲ್ಲಿಸಿತು. ಅದೇ ಅಧ್ಯಯನದಲ್ಲಿ ಆಟಗಾರರಿಗೆ ಹೃದ್ರೋಗದ ಸಾವು ಕಡಿಮೆಯೆಂದೂ ಕಂಡುಬಂದಿತು. ಆದ್ದರಿಂದ ಮಕ್ಕಳನ್ನು ಆಟದಿಂದ ಬಿಡಿಸಬೇಕಾಗಿಲ್ಲ. ತಲೆಯನ್ನು ಕಾಪಾಡಿ ಕಾಲಿಗೆ ಕೆಲಸ ಕೊಟ್ಟರೆ ಸಾಕು.

ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆ ವಯಸ್ಕರಿಗೆ ಅವಶ್ಯಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಬ್ಬನೇ ನಡೆಯಹೊರಟವನು ಮೂರನೆಯ ದಿನ ಚಾದರ ಹೊದ್ದು ಮಲಗುತ್ತಾನೆ. ಹತ್ತು ಮಂದಿ ಕಾಯುತ್ತಿದ್ದರೆ ಏಳುತ್ತಾನೆ. ನಾಟಕ, ಹರಟೆ, ರಾಜ್ಯೋತ್ಸವಗಳಿಗೆ ಜನರನ್ನು ಕೂಡಿಸುವ ಶಕ್ತಿಯುಳ್ಳ ಕನ್ನಡ ಸಂಘಗಳು ಭಾನುವಾರದ ಮುಂಜಾವಿನಲ್ಲಿ ಸದಸ್ಯರನ್ನು ಹತ್ತಿರದ ಮೈದಾನಕ್ಕೆ ಕರೆದೊಯ್ದರೆ, ರಕ್ತದ ಒತ್ತಡವನ್ನು ಅಳೆಯುವ ವೈದ್ಯ ಸದಸ್ಯರೊಬ್ಬರು ಜೊತೆಗಿದ್ದರೆ, ಹಿರಿಯರು ನಡೆಯುವಾಗ ಮಕ್ಕಳು ಚೆಂಡಾಡಿದರೆ, ಖರ್ಚಿಲ್ಲದೆ ದೊಡ್ಡ ಕೆಲಸವಾದೀತು. ಧನಿಕರ ತಂಡ ಊರು ಬಿಟ್ಟು ಹೋಗಬಹುದು. ಸದಸ್ಯರೇ ಕಟ್ಟಿ, ಸದಸ್ಯರೇ ಆಡುವ ತಂಡವನ್ನು ಯಾರೂ ಬೇರೆ ಊರಿಗೆ ಒಯ್ಯಲಾರರು.