ಕೈಗೆ ಗ್ರೀಸ್ ಹತ್ತದಿದ್ದರೆ ಹಳೆ ಜೀಪು ಉಳಿಯದು

ಸುಳ್ಯದಿಂದ ಗುತ್ತಿಗಾರು, ಕೊಲ್ಲಮೊಗ್ರು ಕಡೆಗೆ ಹೋಗುವವರಿಗೂ ಕಡಬದಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವವರಿಗೂ ದಾರಿ ಬದಿಯ ಅಂಗಳಗಳಲ್ಲಿ ಹಳೆ ಜೀಪುಗಳು ಇಂದಿಗೂ ಕಾಣಸಿಗುತ್ತವೆ. ಡಾಂಬರು ಇಲ್ಲದ ಕಾಲದಲ್ಲಿ ತೋಟದ ಅಡಿಕೆ, ರಬ್ಬರ್ ಶೀಟ್, ಗೊಬ್ಬರದ ಗೋಣಿ ಹೊತ್ತದ್ದು ಇವೇ. ನಡುರಾತ್ರಿ ಹೆರಿಗೆ ನೋವು ಬಂದವರನ್ನು ಪುತ್ತೂರಿನ ಆಸ್ಪತ್ರೆಗೆ ಮುಟ್ಟಿಸಿದ್ದೂ ಇವೇ. ಬಾಡಿಗೆ ಜೀಪು ಓಡಿಸಿ ಮಕ್ಕಳನ್ನು ಓದಿಸಿದ, ಹೆಣ್ಣುಮಕ್ಕಳ ಮದುವೆ ಮಾಡಿದ ಬ್ಯಾರಿ ಮನೆಗಳು ನಮ್ಮ ಮೂರು ತಾಲೂಕಿನಲ್ಲಿ ಸಾಕಷ್ಟು ಉಂಟು.

ಈಗ ಆ ಮನೆಗಳಿಗೆ ಹೊಸ ಕಾರು ಬಂದಿದೆ. ಆದರೂ ಜೀಪು ಮಾರಲು ಮನಸ್ಸಿಲ್ಲ. ಗಲ್ಫ್‌ನಿಂದ ರಜೆಯಲ್ಲಿ ಬಂದ ಹುಡುಗರು ಅಜ್ಜನ ಜೀಪನ್ನು ಶೆಡ್ಡಿನಿಂದ ಹೊರಗೆ ತಂದು ರಿಪೇರಿಗೆ ಕೂರುತ್ತಾರೆ. ಒಳ್ಳೆಯ ಹವ್ಯಾಸವೇ. ಆದರೆ ಬಣ್ಣ ಹೊಡೆದು, ದಪ್ಪ ಟಯರ್ ಹಾಕಿ ಫೋಟೋ ತೆಗೆದ ಮಾತ್ರಕ್ಕೆ ಜೀಪು ಉಳಿದ ಹಾಗೆ ಅಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಬೇಕು, ತಿರುವಿನಲ್ಲಿ ಸ್ಟಿಯರಿಂಗ್ ಮಾತು ಕೇಳಬೇಕು. ಹಿಂದಿನ ಸೀಟಿನಲ್ಲಿ ಕೂತಿರುವುದು ಹೆಂಡತಿ ಮಕ್ಕಳು ಅಲ್ವಾ?

ಎಲ್ಲಿಂದ ಬಂತು ಈ ಜೀಪು?

1945ರಲ್ಲಿ ಮಹೀಂದ್ರ ಸಹೋದರರು ಮತ್ತು ಗುಲಾಂ ಮುಹಮ್ಮದ್ ಸೇರಿ ಉಕ್ಕಿನ ವ್ಯಾಪಾರಕ್ಕೆಂದು ಒಂದು ಕಂಪೆನಿ ಕಟ್ಟಿದರು. ಅದರ ಹೆಸರು ‘ಮಹೀಂದ್ರ ಆ್ಯಂಡ್ ಮುಹಮ್ಮದ್’. ದೇಶ ವಿಭಜನೆಯಾದಾಗ ಗುಲಾಂ ಮುಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪೆನಿಯ ಹೆಸರು ‘ಮಹೀಂದ್ರ ಆ್ಯಂಡ್ ಮಹೀಂದ್ರ’ ಆಯಿತು. ಅಮೆರಿಕದ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸಿದ್ದು ಇದೇ ಕಂಪೆನಿ. ನಮ್ಮಲ್ಲಿ ಕಾಣುವ ಎತ್ತರದ ಬಾನೆಟ್ಟಿನ ಜೀಪು ಅದೇ ವಂಶದ ಸಿಜೆ-3ಬಿ. 2,199 ಸಿಸಿಯ ಎತ್ತರದ ಪೆಟ್ರೋಲ್ ಎಂಜಿನ್ ಒಳಗೆ ಹಿಡಿಸಲಿಕ್ಕಾಗಿಯೇ ಬಾನೆಟ್ ಅಷ್ಟು ಮೇಲೆ ಬಂದದ್ದು. ಆಮೇಲೆ ಡೀಸೆಲ್ ಜೀಪುಗಳು, 1980ರ ದಶಕದಲ್ಲಿ ಎಂಎಂ 540, ನಂತರ ಮೇಜರ್, ಕಮಾಂಡರ್. ಇವುಗಳಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಸ್ಪ್ಯಾನರ್ ಹಿಡಿಯಲು ಕಲಿತವನಿಗೆ ಹೆಚ್ಚಿನ ಕೆಲಸವೆಲ್ಲ ಕಣ್ಣೆದುರೇ ಉಂಟು.

ಮೊದಲ ಶತ್ರು ತುಕ್ಕು

ನಮ್ಮ ಮಳೆಯಲ್ಲಿ ಎಂಜಿನ್‌ಗಿಂತ ಮೊದಲು ಸಾಯುವುದು ಚಾಸಿಸ್. ಕೆಂಪು ಮಣ್ಣು ಚಾಸಿಸ್ ಸಂದಿಯಲ್ಲಿ, ಲೀಫ್ ಸ್ಪ್ರಿಂಗ್ ಹಿಡಿಯುವ ಬ್ರಾಕೆಟ್ಟಿನಲ್ಲಿ ಕೂತು ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ. ಮೇಲಿನಿಂದ ಎಷ್ಟು ತೊಳೆದರೂ ಪ್ರಯೋಜನ ಇಲ್ಲ, ಅಡಿಯಿಂದ ನೀರು ಬಿಟ್ಟು ಮಣ್ಣು ಇಳಿಸಬೇಕು, ಬಾಡಿಯ ನೀರು ಹೋಗುವ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಬೇಕು. ಹಳೆ ಜೀಪು ಕೊಳ್ಳುವವರು ಹೊಳಪು ನೋಡುವುದಲ್ಲ, ಸಣ್ಣ ಸುತ್ತಿಗೆಯಿಂದ ಚಾಸಿಸ್ ತಟ್ಟಿ ಶಬ್ದ ಕೇಳಬೇಕು. ಗಟ್ಟಿ ಕಬ್ಬಿಣ ಗಣಗಣ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಕೇಳುತ್ತದೆ. ತುಕ್ಕಿನ ಮೇಲೆಯೇ ಬಣ್ಣ ಹೊಡೆದರೆ ಒಳಗೆ ಅದು ತಿನ್ನುತ್ತಲೇ ಇರುತ್ತದೆ. ವೈರ್ ಬ್ರಶ್‌ನಿಂದ ಉಜ್ಜಿ, ಪ್ರೈಮರ್ ಹಾಕಿ, ಆಮೇಲೆ ಬಣ್ಣ.

ಕೆಲವರು ಕರಿ ಎಂಜಿನ್ ಆಯಿಲ್ ಅಡಿಗೆ ಹೊಡೆಯುತ್ತಾರೆ. ಅದು ಬ್ರೇಕಿನ ರಬ್ಬರ್ ಹೋಸನ್ನು ಹಾಳು ಮಾಡುತ್ತದೆ, ಅಂಗಳದಿಂದ ಇಳಿದು ಬಾವಿ ನೀರಿಗೂ ಸೇರಬಹುದು. ಬೇಡ.

ಬ್ರೇಕ್‌ನಲ್ಲಿ ಜಿಪುಣತನ ಬೇಡ

ಹಳೆ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ತುಂಬ ಹಳೆಯದರಲ್ಲಿ ನಾಲ್ಕಕ್ಕೂ ಒಂದೇ ಲೈನು. ಒಂದು ಕಡೆ ಲೀಕ್ ಆದರೆ ನಾಲ್ಕೂ ಹೋಯಿತು. ಸಂಪಾಜೆ ಘಾಟಿ ಇಳಿಯುವಾಗ ಪೆಡಲ್ ಕೆಳಗೆ ಹೋದರೆ ಏನು ಗತಿ? ಆದ್ದರಿಂದ ತಿಂಗಳಿಗೊಮ್ಮೆ ಮಾಸ್ಟರ್ ಸಿಲಿಂಡರ್ ಮಟ್ಟ ನೋಡಬೇಕು, ಚಕ್ರದ ಒಳಬದಿಯಲ್ಲಿ ಒದ್ದೆ ಉಂಟಾ ನೋಡಬೇಕು.

ನಾವು ಬ್ರೇಕ್ ಆಯಿಲ್ ಅಂತ ಹೇಳುತ್ತೇವೆ, ಆದರೆ ಅದು ಎಂಜಿನ್ ಆಯಿಲ್ ಜಾತಿಯದ್ದಲ್ಲ. ಕಮ್ಮಿ ಬಿದ್ದಾಗ ಕೈಗೆ ಸಿಕ್ಕಿದ ಆಯಿಲ್ ಹೊಯ್ದರೆ ಒಳಗಿನ ರಬ್ಬರ್ ಕಪ್ಪುಗಳು ಊದಿ ಬ್ರೇಕ್ ಜಾಮ್ ಆಗುತ್ತದೆ. ಬ್ರೇಕ್ ಆಯಿಲ್‌ಗೆ ಗಾಳಿಯ ತೇವ ಎಳೆಯುವ ಗುಣ ಉಂಟು. ತೇವ ಸೇರಿದರೆ ಘಾಟಿಯ ಬಿಸಿಗೆ ಅದು ಕುದಿಯುತ್ತದೆ, ಪೆಡಲ್ ಸ್ಪಂಜಿನ ಹಾಗೆ ಆಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರದಿಂದ ಶುರು ಮಾಡಿ ಹತ್ತಿರಕ್ಕೆ ಬನ್ನಿ. ಹಳೆ ಲೈನಿಂಗ್‌ನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಬಾಯಿಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಜೀಪಿನ ಅಡಿಗೆ ಹೋಗುವ ಮೊದಲು ಜಾಕ್ ಒಂದನ್ನೇ ನಂಬುವುದು ಬೇಡ, ಸ್ಟ್ಯಾಂಡ್ ಇಡಿ, ನೆಲದ ಮೇಲಿರುವ ಚಕ್ರಕ್ಕೆ ಅಡ್ಡ ಕಲ್ಲು ಇಡಿ.

ತೋಡು ದಾಟಿದ ಮೇಲೆ

ಚಕ್ರ ಮುಳುಗುವಷ್ಟು ನೀರು ದಾಟಿದರೆ ಎರಡು ಕೆಲಸ ಬಾಕಿ ಉಂಟು. ಒಂದು, ನಿಧಾನ ಓಡಿಸುತ್ತಾ ಬ್ರೇಕ್ ಮೆಲ್ಲ ಒತ್ತಿ ಡ್ರಮ್ ಒಣಗಿಸುವುದು. ಎರಡು, ಮನೆಗೆ ಬಂದ ಮೇಲೆ ಹಿಂದಿನ ಮುಂದಿನ ಡಿಫರೆನ್ಷಿಯಲ್ ಆಯಿಲ್ ನೋಡುವುದು. ಬಿಸಿಯಾದ ಡಿಫರೆನ್ಷಿಯಲ್ ಥಟ್ಟನೆ ತಣ್ಣನೆ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲ್ ಮೂಲಕ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಹಾಲಿನ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಕೂಡಲೇ ಬದಲಿಸದಿದ್ದರೆ ಬೇರಿಂಗ್ ಹೋಗುತ್ತದೆ.

ಫೋರ್ ವೀಲ್ ವಿಷಯದಲ್ಲೂ ತಪ್ಪು ತಿಳುವಳಿಕೆ ಉಂಟು. ಗಲ್ಫ್‌ನಲ್ಲಿ ಜಪಾನಿನ ಸುಬಾರು ಕಾರು ಓಡಿಸಿದವರು ‘ಅದರಲ್ಲಿ ಯಾವಾಗಲೂ ನಾಲ್ಕು ಚಕ್ರ ಎಳೆಯುತ್ತದೆ, ಜೀಪಿನಲ್ಲಿ ಯಾಕೆ ಆಗುವುದಿಲ್ಲ?’ ಅಂತ ಕೇಳುತ್ತಾರೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಸುಬಾರುವಿನಲ್ಲಿ ಆ ವ್ಯತ್ಯಾಸ ಸರಿದೂಗಿಸುವ ಏರ್ಪಾಡು ನಡುವೆ ಉಂಟು. ನಮ್ಮ ಹಳೆ ಜೀಪಿನಲ್ಲಿ ಅದು ಇಲ್ಲ, ಫೋರ್ ವೀಲ್ ಹಾಕಿದರೆ ಮುಂದಿನ ಹಿಂದಿನ ಆಕ್ಸೆಲ್ ಒಂದಕ್ಕೊಂದು ಕಟ್ಟಿ ಹಾಕಿದ ಹಾಗೆ. ಕೆಸರಿನಲ್ಲಿ ಚಕ್ರ ಜಾರಿ ಸರಿಯಾಗುತ್ತದೆ, ಒಣ ಡಾಂಬರಿನಲ್ಲಿ ಜಾರುವುದಿಲ್ಲ, ಗೇರ್ ಮತ್ತು ಜಾಯಿಂಟ್ ಮೇಲೆ ಒತ್ತಡ ಬೀಳುತ್ತದೆ. ಕೆಸರಿನಲ್ಲಿ ಮಾತ್ರ ಹಾಕಿ. ಬೇಸಗೆಯಲ್ಲೂ ತಿಂಗಳಿಗೊಮ್ಮೆ ತೋಟದ ಮಣ್ಣಿನ ದಾರಿಯಲ್ಲಿ ಹಾಕಿ ಸ್ವಲ್ಪ ಓಡಿಸಿ, ಒಳಗೆ ಆಯಿಲ್ ಹರಡಲಿ.

ಕಾಗದಪತ್ರ ಸರಿ ಇರಲಿ

15 ವರ್ಷ ದಾಟಿದ ಖಾಸಗಿ ಜೀಪಿನ ಆರ್‌ಸಿಯನ್ನು ಆರ್‌ಟಿಒ ಕಚೇರಿಯಲ್ಲಿ ವಾಹನ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂ. ಆಯಿತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ 10,000 ರೂ. ಮಾಡಿದ್ದಾರೆ. ಹಸಿರು ತೆರಿಗೆ ಬೇರೆ. ಇನ್ನು ಚಾಸಿಸ್ ಕತ್ತರಿಸಿ ಉದ್ದ ಗಿಡ್ಡ ಮಾಡುವುದು, ಆರ್‌ಸಿಯಲ್ಲಿ ಇಲ್ಲದ ಎಂಜಿನ್ ಕೂರಿಸುವುದು ಇತ್ಯಾದಿ. ಕಂಪೆನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಬದಲಾವಣೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದು ಇಂಥದ್ದನ್ನೇ.

ಮಾರುವವರಿಗೂ ಒಂದು ಮಾತು. ಚಾಸಿಸ್‌ಗೆ ವೆಲ್ಡಿಂಗ್ ಆದದ್ದು, ಗೇರ್ ಬಾಕ್ಸ್ ಶಬ್ದ ಮಾಡುವುದು ನಿಮಗೆ ಗೊತ್ತಿದ್ದರೆ ಬಾಯಿ ಬಿಟ್ಟು ಹೇಳಿ ಮಾರಿ. ಐಬು ಮುಚ್ಚಿಟ್ಟು ಪಡೆದ ಹಣದಲ್ಲಿ ಬರ್ಕತ್ ಇಲ್ಲ ಎಂದು ಮಕ್ಕಳಿಗೆ ಮದ್ರಸದಲ್ಲಿ ಕಲಿಸುವುದು ನಾವೇ ಅಲ್ವಾ?

ಕೈಕೆಲಸ ಉಳಿಯಬೇಕಾದರೆ

ಬಿಡಿಭಾಗಕ್ಕೆ ಈಗಲೂ ಅಷ್ಟು ಬರಗಾಲ ಇಲ್ಲ. ಮಂಗಳೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬಹುದು. ಬರಗಾಲ ಬರುತ್ತಿರುವುದು ಕೈಗಳಿಗೆ. ಬೆಳಗ್ಗಿನ ಮದ್ರಸ ಬಿಟ್ಟ ಮೇಲೆ ನಾನು ಹೋಗಿ ಕೂರುವ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಒಮ್ಮೆ ಹೇಳಿದರು: ‘ಉಸ್ತಾದರೇ, ಸ್ಟಿಯರಿಂಗ್ ನಡುಗಿದರೆ ಈಗಿನ ಹುಡುಗರು ಸ್ಟಿಯರಿಂಗ್ ಬಾಕ್ಸ್ ಟೈಟ್ ಮಾಡಿ ಕಳಿಸ್ತಾರೆ. ಕಿಂಗ್‌ಪಿನ್ ಬೇರಿಂಗ್ ಬಿಚ್ಚಿ ನೋಡುವವರು ಯಾರೂ ಇಲ್ಲ.’ ಶಬ್ದ ಕೇಳಿಯೇ ಕಾಯಿಲೆ ಹೇಳುವ ಇಂಥವರಿಗೆ ವಯಸ್ಸಾಗುತ್ತಿದೆ. ಅವರು ಕಲಿತದ್ದು ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ.

ಮನೆಯಲ್ಲಿ ಹಳೆ ಜೀಪು ಇರುವ ಯುವಕರು ಅದನ್ನು ಗ್ಯಾರೇಜಿಗೆ ಬಿಟ್ಟು ಬರಬೇಡಿ, ಜೊತೆಗೆ ನಿಲ್ಲಿ. ರಜಾ ದಿನ ಒಂದೆರಡು ಗಂಟೆ ಸ್ಪ್ಯಾನರ್ ಎತ್ತಿ ಕೊಡಿ, ಯಾಕೆ ಹೀಗೆ ಅಂತ ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಕಿಲೋಮೀಟರ್, ಬದಲಿಸಿದ ಭಾಗ ಬರೆದಿಡಿ. ಈ ಮಳೆಗಾಲ ಶುರುವಾಗುವ ಮೊದಲು ನಾಲ್ಕೂ ಡ್ರಮ್ ಬಿಚ್ಚಿ ನೋಡುವುದರಿಂದಲೇ ಆರಂಭಿಸಬಹುದು.